ನಮ್ಮ ಮಾವ ಟೈಲ್ಸ್ ಹಾಕಿದ್ದು

ನಮ್ಮ ಸೋದರಮಾವ ಕೈಗೆತ್ತಿಕೊಂಡ ಯಾವ ಕೆಲಸವೂ ಇವತ್ತಿನವರೆಗೆ ಅರ್ಧಕ್ಕೆ ನಿಂತಿಲ್ಲ. ಕೆಲಸ ಮುಗಿಯುವ ಹೊತ್ತಿಗೆ ಆ ವಸ್ತು ಇರುವುದಿಲ್ಲ, ಅಷ್ಟೇ! ಹಿತ್ತಲಿನ ನಲ್ಲಿ ರಿಪೇರಿ ಮಾಡಿದರು. ಈಗ ಅಲ್ಲಿ ನಲ್ಲಿಯೂ ಇಲ್ಲ, ನಲ್ಲಿಯಿದ್ದ ಗೋಡೆಯ ಮೂಲೆಯೂ ಇಲ್ಲ. ಮಿಕ್ಸಿ ರಿಪೇರಿ ಮಾಡಿದರು. ಅದರ ಜಾರು ಈಗ ತುಳಸಿ ಗಿಡಕ್ಕೆ ನೀರು ಹಾಕುವ ಚೊಂಬು. ನಾವು ನೆಂಟರೆಲ್ಲ ಅವರ ಮನೆಗೆ ಹೋಗುವಾಗ ಕೈಗಡಿಯಾರ ಬಿಚ್ಚಿ ಬ್ಯಾಗಿನ ತಳಕ್ಕೆ ಹಾಕಿಕೊಳ್ಳುತ್ತೇವೆ. ನಿಂತುಹೋದ ಗಡಿಯಾರವಾದರೆ ಭಯವಿಲ್ಲ, ಓಡುತ್ತಿರುವ ಗಡಿಯಾರ ಕಂಡರೇ ಅವರಿಗೆ ಅನುಮಾನ.

"ಯಾಕೋ ವಸಿ ಜೋರಾಗಿ ಓಡ್ತಾ ಅದೆ ಕಣಮ್ಮಿ. ಕೊಡಿಲ್ಲಿ, ನೋಡವ!"

ಅವರ ಊರು ಬೆಟ್ಟದಪುರದ ಹತ್ತಿರ. ಹೊಗೆಸೊಪ್ಪು ಬೆಳೆಯುವವರು. ಹಸಿ ಎಲೆಯನ್ನು ಕೋಲಿಗೆ ಕಟ್ಟಿ, ಬ್ಯಾರನ್ನು ಎಂದು ಕರೆಯುವ ಎತ್ತರದ ಮನೆಯೊಳಗೆ ಸಾಲಾಗಿ ತೂಗುಹಾಕಿ, ಬಾಗಿಲು ಮುಚ್ಚಿ ಕಾವು ಕೊಟ್ಟು ಹೊಂಬಣ್ಣಕ್ಕೆ ತರುವುದರಲ್ಲಿ ಅವರನ್ನು ಮೀರಿಸುವವರು ಸುತ್ತಮುತ್ತ ಯಾರೂ ಇಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ತೊಂದರೆ ಏನೆಂದರೆ, ಲೋಕದ ಬಾಕಿ ಕೆಲಸಗಳೆಲ್ಲ ಹೊಗೆಸೊಪ್ಪಿನ ಕೆಲಸದ ಹಾಗೆಯೇ ಎಂದು ಅವರ ನಂಬಿಕೆ. ನನ್ನನ್ನು ನೋಡಲು ಗಂಡಿನವರು ಬಂದಾಗಲೂ ಅಷ್ಟೆ. ವರನನ್ನು ಬೆಳಕಿಗೆಂದು ಅಂಗಳಕ್ಕೆ ಕರೆದುಕೊಂಡು ಹೋಗಿ, ಸೊಪ್ಪಿನ ದರ್ಜೆ ನೋಡುವಂತೆ ಮುಖ ಆ ಕಡೆ ಈ ಕಡೆ ತಿರುಗಿಸಿ ನೋಡಿ, ಒಳಗೆ ಬಂದು "ನಡುವಿನ ಎಲೆ. ಪರವಾಗಿಲ್ಲ, ತಕೊಳಿ" ಎಂದು ತೀರ್ಪು ಕೊಟ್ಟಿದ್ದರು. ನನ್ನ ಗಂಡ ಇವತ್ತಿಗೂ ಆ ಅಂಗಳದಲ್ಲಿ ನಿಲ್ಲುವುದಿಲ್ಲ!

ಇಂಥವರ ಕೈಗೆ ಅಡುಗೆಮನೆಯ ಗೋಡೆ ಸಿಕ್ಕಿದ್ದು ನಮ್ಮ ಅತ್ತೆಯ ಉಬ್ಬಸದಿಂದ. ಸೌದೆ ಒಲೆಯ ಮುಂದೆ ಊದಿ ಊದಿ ಅತ್ತೆಗೆ ಉಸಿರು ಎಳೆದರೆ ಸಿಳ್ಳೆ ಹೊಡೆದಂತಾಗುತ್ತಿತ್ತು. ಗೋಡೆಯೋ, ಮಸಿ ಹಿಡಿದು ಹಿಡಿದು ಬಣ್ಣ ಯಾವುದಿತ್ತೆಂದು ಯಾರಿಗೂ ನೆನಪಿಲ್ಲ, ಮುಟ್ಟಿದರೆ ಉದುರುತ್ತಿತ್ತು. ಕೆ.ಆರ್. ನಗರದಲ್ಲಿರುವ ಮಗಳು ಒಂದು ದಿನ ಬಂದವಳೇ ತಾಯಿಯನ್ನು ಜೊತೆಗೆ ಕರೆದುಕೊಂಡು ಹೊರಟುಬಿಟ್ಟಳು. ಹೋಗುವಾಗ ಅಪ್ಪನಿಗೆ ಖಡಾಖಂಡಿತವಾಗಿ ಹೇಳಿದಳು: "ಗ್ಯಾಸ್ ಒಲೆ ಇಡ್ಸಿ. ಗೋಡೆಗೆ ಟೈಲ್ಸ್ ಹಾಕ್ಸಿ. ಅಲ್ಲೀವರ್ಗೂ ಅವ್ವನ್ನ ಕಳ್ಸಕ್ಕಿಲ್ಲ, ಅಷ್ಟೇಯ!"

ಗ್ಯಾಸ್ ಒಲೆ ಮರುದಿನವೇ ಬಂತು. ಟೈಲ್ಸ್‌ಗೆ ಮೇಸ್ತ್ರಿಯೂ ಬಂದ. ಹೆಗ್ಗಡದೇವನಕೋಟೆ ಕಡೆಯವನು, ಸಾಮಾನ್ಯದವನಲ್ಲ. ಕಬಿನಿ ಹಿನ್ನೀರಿನ ರೆಸಾರ್ಟುಗಳ ಬಚ್ಚಲಿಗೆಲ್ಲ ತಾನೇ ಟೈಲ್ಸ್ ಹಾಕಿದ್ದು, ಹುಲಿ ನೋಡಲು ಬಂದವರು ಹುಲಿ ಮರೆತು ತನ್ನ ಬಚ್ಚಲನ್ನು ನೋಡಿಕೊಂಡು ನಿಲ್ಲುತ್ತಾರೆ ಎಂದು ಹೇಳಿಕೊಳ್ಳುವವನು. ಅವನು ಗೋಡೆಯ ಮೇಲೆ ಕೈಯಾಡಿಸುವಷ್ಟರಲ್ಲಿ ಮಾವ ಅಡ್ಡ ಬಂದು ನಿಂತರು.

"ಗೋಡೆ ನಮ್ದು, ಒಲೆ ನಮ್ದು, ಎಂಡ್ರು ನಮ್ಮೋಳು. ಮಧ್ಯೆ ನಿಂದೇನಪ್ಪ?"

"ಯಜಮಾನ್ರೇ, ಇದು ಸೊಪ್ಪಲ್ಲ, ಟೈಲ್ಸು!"

"ಅಂಟ್ಸೋದ್ ತಾನೇ? ಅದೇನ್ ಮಹಾ ಬುಡು!"

ಮೇಸ್ತ್ರಿ ನಕ್ಕು, ತನ್ನ ಫೋನ್ ನಂಬರನ್ನು ಸೀಮೆಸುಣ್ಣದಲ್ಲಿ ಆ ಮಸಿ ಗೋಡೆಯ ಮೇಲೆಯೇ ಬರೆದು ಹೋದ. ಎಂಥ ದೂರದೃಷ್ಟಿ ನೋಡಿ!

ಟೈಲ್ಸ್ ತರಲು ಹುಣಸೂರಿಗೆ ಬಂದಾಗ ಮಾವ ನನ್ನನ್ನೂ ಅಂಗಡಿಗೆ ಎಳೆದುಕೊಂಡು ಹೋದರು. ನಾನು ಅಲ್ಲೇ ಶಾಲೆಯಲ್ಲಿ ಪಾಠ ಮಾಡುವವಳು. ಅಂಗಡಿಯವರ ಮಕ್ಕಳು ನನ್ನ ಕ್ಲಾಸಿನಲ್ಲಿದ್ದಾರೆ. ಸ್ವಲ್ಪ ಮಾನ ಮರ್ಯಾದೆ ಉಳಿಸಿಕೊಳ್ಳಬೇಕಾದ ಜಾಗ. ಮಾವ ಮಾಡಿದ್ದೇನು? ಪೆಟ್ಟಿಗೆಗಳನ್ನೆಲ್ಲ ಒಡೆಸಿ, ಟೈಲ್ಸನ್ನು ಒಂದೊಂದಾಗಿ ರಸ್ತೆಯ ಬಿಸಿಲಿಗೆ ಹಿಡಿದು, ಫುಟ್‌ಪಾತಿನ ಮೇಲೆ ಕುಕ್ಕರಗಾಲಲ್ಲಿ ಕೂತು ಗ್ರೇಡು ಮಾಡಲು ಶುರುಮಾಡಿದರು. ಇದು ತಿಳಿ, ಇದು ವಸಿ ಗಾಢ, ಇದು ಅಂಚು ಕಂದು!

"ಎಲ್ಲಾ ಒಂದೇ ಬಿಳಿ ಸರ್" ಎಂದ ಅಂಗಡಿಯವನು.

"ನಿಂಗೆ ಒಂದೇ. ಅವಳು ಇದ್ರ ಮುಂದೆ ನಿಂತು ದಿನಾ ಮುದ್ದೆ ತೊಳಸ್ಬೇಕು. ಕಣ್ಣಿಗೆ ಕುಕ್ಕಬಾರ್ದು."

ಬಸ್ಸಿಗೆ ಕಾಯುವವರೆಲ್ಲ ಸುತ್ತ ಸೇರಿದರು. ಹರಾಜು ನಡೆಯುತ್ತಿದೆ ಎಂದುಕೊಂಡು ಒಬ್ಬರು ರೇಟು ಕೂಗಿಯೂ ಬಿಟ್ಟರು. ಕೊನೆಗೆ ಅಂಗಡಿಯವನು, ಈ ಮನುಷ್ಯ ಎದ್ದು ಹೋದರೆ ಸಾಕು ಎಂದು, ಅವರು ಆರಿಸಿದ್ದನ್ನೇ ಆಟೋಗೆ ತುಂಬಿಸಿಕೊಟ್ಟ. ಅವನ ಮಗ ಮರುದಿನ ಕ್ಲಾಸಿನಲ್ಲಿ ನನ್ನನ್ನು ನೋಡಿ ಮುಸಿಮುಸಿ ನಕ್ಕ.

ಭಾನುವಾರ ನಾನು ಮಾವನ ಊರಿಗೆ ಹೋದಾಗ ಕೆಲಸ ಜೋರಾಗಿ ನಡೆದಿತ್ತು. ಬಾಗಿಲಲ್ಲಿ ನಿಂತು ಕೂಗಿದೆ, ಉತ್ತರವಿಲ್ಲ. ಒಳಗೆ ಹೋಗಿ ನೋಡಿದರೆ, ಮಾವ ಸ್ಟೂಲಿನ ಮೇಲೆ ನಿಂತಿದ್ದಾರೆ. ಸೂರಿನ ಹತ್ತಿರ ಎರಡು ಟೈಲ್ಸ್‌ಗೆ ಎರಡು ಅಂಗೈ ಒತ್ತಿದ್ದಾರೆ, ಮೂರನೆಯದಕ್ಕೆ ಹಣೆ ಕೊಟ್ಟಿದ್ದಾರೆ. ಮೈಮೇಲೆಲ್ಲ ಗಾರೆ.

"ಮಾವ, ಯಾರಾದರೂ ಟೈಲ್ಸ್ ಮೇಲಿನಿಂದ ಅಂಟಿಸುತ್ತಾರಾ? ಕೆಳಗಿನ ಸಾಲು ಕೂತರೆ ತಾನೇ ಅದರ ಮೇಲೆ ಇನ್ನೊಂದು ನಿಲ್ಲೋದು?"

ಹಣೆ ಎತ್ತುವ ಹಾಗಿಲ್ಲ, ಗೋಡೆಗೇ ಹೇಳಿದರು: "ಬ್ಯಾರನ್ನಿಗೆ ಸೊಪ್ಪು ತುಂಬೋದು ಎಲ್ಲಿಂದಮ್ಮಿ? ಮೇಲಿಂದ್ಲೇ ಅಲ್ವಾ? ಕೆಳಗಿನ ಸಾಲು ಮೊದ್ಲು ತುಂಬ್ಬುಟ್ರೆ ಮೇಲಕ್ಕೆ ಎಂಗತ್ತೀಯ?"

ಬ್ಯಾರನ್ನಿನ ಮಟ್ಟಿಗೆ ಇದು ಪರಮ ಸತ್ಯ. ಆದರೆ ಅಲ್ಲಿ ಸೊಪ್ಪಿನ ಕೋಲುಗಳನ್ನು ಹೊರಲು ಅಡ್ಡ ಗಳುಗಳಿರುತ್ತವೆ. ಇಲ್ಲಿ ಇದ್ದದ್ದು ನಮ್ಮ ಮಾವ ಒಬ್ಬರೇ! ಕೈ ಬಿಟ್ಟರೆ ಟೈಲ್ಸ್ ಜಾರುತ್ತದೆ, ಬಿಡದಿದ್ದರೆ ಅವರು ಇಳಿಯುವ ಹಾಗಿಲ್ಲ. ಎಷ್ಟು ಹೊತ್ತಿನಿಂದ ಹೀಗೆ ನಿಂತಿದ್ದರೋ ಆ ಶಿವನಿಗೇ ಗೊತ್ತು. ನಾನು ಕಾಫಿ ಮಾಡಿ ಲೋಟವನ್ನು ಅವರ ಬಾಯಿಗೇ ಹಿಡಿದೆ. ಅಷ್ಟರಲ್ಲಿ ಅತ್ತೆಯ ಫೋನು ಬಂತು. ಮಾವನ ಕಿವಿಯ ಹತ್ತಿರ ಹಿಡಿದು ಸ್ಪೀಕರ್ ಹಾಕಿದೆ.

"ಏನ್ ಮಾಡ್ತಾ ಇದ್ದೀರಿ?"

"ಗೋಡೆ ಇಡ್ಕೊಂಡು ನಿಂತಿವ್ನಿ."

"ಅಯ್ಯೋ ಶಿವನೇ! ಬಿದ್ದೋಗ್ತಾ ಅದಾ?"

"ನಾನಿರೋಗಂಟ ಎಂಗೆ ಬಿದ್ದದು?"

ಅತ್ತೆ ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಮೆಲ್ಲಗೆ ಕೇಳಿದರು: "ಯಾವತ್ತು ಬರ್ಲಿ ನಾನು?" ಮಾವ "ಬರೋ ವಾರ" ಎಂದರು, ಎದೆಯುಬ್ಬಿಸಿ. ಎದೆ ಉಬ್ಬಿದ ಕೂಡಲೇ ಹಣೆ ಅಲುಗಿತು, ಮೂರನೆಯ ಟೈಲ್ಸ್ ಜಾರಿ ಬಿದ್ದು ಚೂರಾಯಿತು. "ಏನದು ಸದ್ದು?" ಎಂದರು ಅತ್ತೆ. "ಬೆಕ್ಕು" ಎಂದರು ಮಾವ. ಆ ಮನೆಯಲ್ಲಿ ಬೆಕ್ಕೇ ಇಲ್ಲ!

ಬರೋ ವಾರ ಎಂದದ್ದು ಇನ್ನೊಂದು ವಾರವಾಯಿತು, ಮತ್ತೊಂದಾಯಿತು. ಅಷ್ಟೂ ದಿನ ಮಾವನ ಊಟದ ಕಥೆ ಕೇಳಬೇಡಿ. ಅವರು ತೊಳಸಿದ ಮುದ್ದೆಯನ್ನು ನಾನೂ ಒಮ್ಮೆ ಉಂಡೆ. ಅದನ್ನೇ ಟೈಲ್ಸ್ ಹಿಂದೆ ಬಳಿದಿದ್ದರೆ ಯಾವ ಮೇಸ್ತ್ರಿಯೂ ಕಿತ್ತು ತೆಗೆಯಲು ಆಗುತ್ತಿರಲಿಲ್ಲ. ಉಣ್ಣುವಾಗಲೂ ಎರಡು ತಟ್ಟೆ ತಂದಿಟ್ಟು, ಆಮೇಲೆ ಒಂದನ್ನು ಎತ್ತಿಡುತ್ತಿದ್ದರು. ಅಭ್ಯಾಸಬಲ, ಏನು ಮಾಡುವುದು?

ಮೇಲಿನದೆಲ್ಲ ಜಾರಿ ಬಿದ್ದ ಮೇಲೆ, ನಾನು ಹೋಗಿದ್ದ ಇನ್ನೊಂದು ಭಾನುವಾರ, ಮಾವ ಕೆಳಗಿನಿಂದ ಶುರುಮಾಡಿದರು. ಸಾಲುಗಳ ಮಧ್ಯೆ ಬೆಂಕಿಕಡ್ಡಿ ಇಟ್ಟು, ದಾರ ಕಟ್ಟಿ, ನಿಜಕ್ಕೂ ಚೆನ್ನಾಗಿಯೇ ಅಂಟಿಸಿದರು. ಸಂಜೆ ನೋಡಿದರೆ ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಹೊಗಳದೆ ಇರಲು ನನ್ನಿಂದ ಆಗಲಿಲ್ಲ. ಅಲ್ಲಿಗೆ ಕೈ ತೊಳೆದುಕೊಂಡು ಎದ್ದಿದ್ದರೆ ಈ ಪ್ರಬಂಧಕ್ಕೆ ಕೆಲಸವಿರುತ್ತಿರಲಿಲ್ಲ. ಆದರೆ ಹಸಿ ಇರುವುದನ್ನು ಕಂಡು ಸುಮ್ಮನಿರುವ ಜೀವವೇ ಅದು?

"ನೀರು ಚಿಮುಕಿಸಿ ತಾನಾಗಿ ಗಟ್ಟಿಯಾಗೋಕೆ ಬಿಡಿ ಮಾವ."

"ನೀರಾ? ಒಣಗಬೇಕಾದ್ದಕ್ಕೆ ಯಾವನಾದ್ರೂ ನೀರು ಆಕ್ತಾನಾ? ನೀನು ಪಾಠ ಮಾಡಮ್ಮಿ, ಕಾವು ನಂಗೆ ಬುಡು!"

ನಾನು ಹುಣಸೂರಿಗೆ ಹೊರಟು ಬಂದೆ. ಮಾವ ಬ್ಯಾರನ್ನಿನ ಥರ್ಮಾಮೀಟರನ್ನು ತಂದು ಅಡುಗೆಮನೆಯ ಮೊಳೆಗೆ ನೇತುಹಾಕಿ, ಕಿಟಕಿ ಮುಚ್ಚಿ, ಸಂದಿಗೆಲ್ಲ ಗೋಣಿತಾಟು ತುರುಕಿ, ಹಳೆಯ ಸೌದೆ ಒಲೆಗೆ ಮತ್ತೆ ಬೆಂಕಿ ಹಾಕಿದರು. ಹದವಾದ ಕಾವು. ಎಲೆಯಾಗಿದ್ದರೆ ಚಿನ್ನದ ಬಣ್ಣಕ್ಕೆ ಬರುತ್ತಿತ್ತು! ಸಿಮೆಂಟು ಮಾತ್ರ ನೀರಿಲ್ಲದೆ ಪುಡಿಯಾಯಿತು.

ಮುಂದಿನ ಭಾನುವಾರ ನಾನು ಹೋದಾಗ ಮಾವ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದರು. ಅರ್ಧ ಗೋಡೆಯ ಟೈಲ್ಸ್ ಉದುರಿ ನೆಲದಲ್ಲಿತ್ತು. ನನಗೆ ನಗು ಉಕ್ಕಿ ಬಂತು. ಏನೋ ಹೇಳಲು ಬಾಯಿ ತೆರೆದೆ. ಆದರೆ ಅವರ ಕೈಯಲ್ಲೊಂದು ಟೈಲ್ಸ್ ಇತ್ತು. ಅದರ ಮುಖಕ್ಕೆ ಮಸಿ ಹಿಡಿದಿತ್ತು. ಅತ್ತೆಯ ಎದೆಗೆ ಹೋಗಿದ್ದ ಅದೇ ಮಸಿ, ಹೊಸ ಟೈಲ್ಸಿನ ಮೇಲೆ! ಮಾವ ಹೆಗಲ ಟವೆಲಿನಿಂದ ಅದನ್ನು ಉಜ್ಜುತ್ತಲೇ ಇದ್ದರು.

"ಒಲೆ ಅಚ್ಚಬಾರ್ದಿತ್ತು ಕಣಮ್ಮಿ" ಎಂದರು.

ನಮ್ಮ ಮಾವ ಹೀಗೆ ಕುಗ್ಗಿ ಕೂತಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ನನಗೆ ಸಂಕಟವಾಯಿತು. ಮೇಸ್ತ್ರಿಯ ನಂಬರಿಗಾಗಿ ಗೋಡೆ ಹುಡುಕಿದೆ; ಅದು ಗಾರೆಯ ಅಡಿ ಸೇರಿತ್ತು. ಮಾವ ಎದ್ದು, ಚಪ್ಪಲಿ ಮೆಟ್ಟಿ, ಮೇಸ್ತ್ರಿ ಕೆಲಸ ಮಾಡುತ್ತಿದ್ದಾನೆಂದು ಊರಲ್ಲಿ ಕೇಳಿದ್ದ ಪಿರಿಯಾಪಟ್ಟಣದ ಹೊಸ ಮನೆಗೆ ತಾವೇ ಹೊರಟರು. ನಾನೂ ಹಿಂದೆ ಓಡಿ ಅದೇ ಬಸ್ಸು ಹತ್ತಿದೆ.

ಮೇಸ್ತ್ರಿ ದೂರದಿಂದಲೇ ನೋಡಿ ಕರಣೆ ಕೆಳಗಿಟ್ಟ. ಎಷ್ಟು ದಿನದಿಂದ ಮಾತು ಕೂಡಿಹಾಕಿಕೊಂಡಿದ್ದನೋ! "ಏನ್ ಯಜಮಾನ್ರೇ, ಸೊಪ್ಪು ಒಣಗ್ತಾ?" ಎಂದು ಶುರುಮಾಡಿದ.

"ನಾಳೆ ಬಾಪ್ಪ" ಎಂದರು ಮಾವ. "ಅವಳು ಮನೆಗೆ ಬರ್ಬೇಕು."

ಮೇಸ್ತ್ರಿ ಮಿಕ್ಕ ಮಾತನ್ನೆಲ್ಲ ನುಂಗಿಕೊಂಡ. ನಾಳೆ ಅಂದದ್ದಕ್ಕೆ ಅವತ್ತೇ ಬಂದ. ಉಳಿದದ್ದನ್ನೂ ಕಿತ್ತು, ಗಾರೆ ಹಿಡಿಯಲೆಂದು ಗೋಡೆಗೆ ಕಚ್ಚು ಹೊಡೆದು, ನೀರು ಕುಡಿಸಿ, ಹೊಸದಾಗಿ ಅಂಟಿಸಿದ. ಮಾವ ಗಾರೆ ಕಲಸಿಕೊಟ್ಟರು. ಬಣ್ಣ ನೋಡಿ ಒಂದೊಂದೇ ಟೈಲ್ಸ್ ಎತ್ತಿಕೊಟ್ಟರು. ಇಬ್ಬರೂ ಮಾತಿಗೊಂದು ಮಾತು ಜಗಳವಾಡಿದರೆನ್ನಿ. ಆದರೆ ಗೋಡೆ ನಿಂತಿತು.

ಅತ್ತೆಯನ್ನು ಕೆ.ಆರ್. ನಗರದಿಂದ ನಾನೇ ಕರೆದುಕೊಂಡು ಬಂದೆ. ಬಸ್ಸಿಳಿದವರು ನೀರೂ ಕುಡಿಯದೆ ನೇರ ಅಡುಗೆಮನೆಗೆ ಹೋದರು. ಅಂಗೈಯಲ್ಲಿ ಗೋಡೆ ಸವರಿದರು, ಅಂಗೈ ತಿರುಗಿಸಿ ನೋಡಿಕೊಂಡರು. ಚೊಕ್ಕವಾಗಿತ್ತು. ಕಣ್ಣು ತುಂಬಿಕೊಂಡು ಗಂಡನ ಕಡೆ ತಿರುಗಿದರು.

"ನೀವೇ ಆಕಿದ್ರಾ?"

ಸಾಮಾನು ಒಯ್ಯಲು ಬಂದಿದ್ದ ಮೇಸ್ತ್ರಿ ಅಂಗಳದಲ್ಲಿದ್ದ. ಅಷ್ಟು ದೊಡ್ಡ ಬಾಯಿಯವನು ಆಕಾಶ ನೋಡುತ್ತಾ ನಿಂತುಬಿಟ್ಟ. ಮಾವ "ಊಂ" ಎಂದಿದ್ದರೆ ಮುಗಿದಿತ್ತು.

"ಇಲ್ಲ ಕಣೆ. ಮೇಸ್ತ್ರಿ ಆಕ್ದ. ನಾನ್ ಆಕಿದ್ದೆಲ್ಲಾ ಬಿದ್ದೋಯ್ತು. ನನ್ನಿಂದ್ಲೇ ನಿಂಗೆ ಅಲ್ಲಿ ಇಷ್ಟು ದಿನ ಆಯ್ತು."

ಅತ್ತೆ ಗಾಬರಿಯಾದರು. ಹತ್ತಿರ ಬಂದು ಅವರ ಹಣೆಯ ಮೇಲೆ ಅಂಗೈ ಇಟ್ಟು ನೋಡಿದರು. "ಏನ್ರೀ, ಜ್ವರ ಗಿರ ಬಂದದಾ ನಿಮಗೆ?"

ನಾವು ನಗುವುದರಲ್ಲಿದ್ದೆವು. ಮಾವ ಆ ಕೈಯನ್ನು ಹಣೆಯಿಂದ ತೆಗೆಯಲು ಬಿಡಲಿಲ್ಲ. ತಮ್ಮ ಗಾರೆ ಹತ್ತಿದ ಕೈಯನ್ನು ಅದರ ಮೇಲಿಟ್ಟು ಒತ್ತಿ ಹಿಡಿದರು.

"ಈ ಮನೇಲಿ ಒಬ್ನೇ ಇರೋದು ನಂಗೆ ಬರಕ್ಕಿಲ್ಲ ಕಣೆ" ಎಂದರು.