ಟೌನೊನ ತೀರ್ಪು, ರೆನಾಟೊನ ಗಂಟೆ

ಕೇಬಲ್ ಕಿತ್ತುಹಾಕುವ ನಿರ್ಧಾರಕ್ಕೆ ಟೌನೊ ಲೆಹ್ಟಿ ದಿಢೀರನೆ ಬಂದವನಲ್ಲ. ಥಂಡರ್ ಬೇ ಊರಿನ ಕಾಗದದ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಅವನು ಯಾವುದನ್ನೂ ದಿಢೀರನೆ ಮಾಡುತ್ತಿರಲಿಲ್ಲ, ಮೊಟ್ಟೆ ಬೇಯಿಸುವುದನ್ನು ಸಹ. ಚಳಿಗಾಲ ಪೂರ್ತಿ ಊಟದ ಮೇಜಿನ ಮೇಲೆ ಕೇಬಲ್ ಬಿಲ್ಲನ್ನೂ ಇಂಟರ್ನೆಟ್ಟಿನಲ್ಲಿ ಟಿವಿ ತೋರಿಸುವ ಸ್ಟ್ರೀಮಿಂಗ್ ಕಂಪನಿಗಳ ದರಪಟ್ಟಿಯನ್ನೂ ಅಕ್ಕಪಕ್ಕ ಹರಡಿಕೊಂಡು, ನ್ಯಾಯಾಧೀಶನ ಮುಖ ಹೊತ್ತು ವಿಚಾರಣೆ ನಡೆಸಿದ. ಕೇಬಲ್‌ನಲ್ಲಿ ನೂರಾರು ಚಾನೆಲ್, ನೋಡುವುದು ನಾಲ್ಕು. ಸ್ಟ್ರೀಮಿಂಗ್‌ನಲ್ಲಿ ಬೇಕಾದ್ದಕ್ಕಷ್ಟೇ ದುಡ್ಡು. ಬೇಕೆಂದಾಗ ನಿಲ್ಲಿಸಬಹುದು, ಹಿಂದಕ್ಕೆ ಓಡಿಸಬಹುದು, ಬೇಸರವಾದರೆ ಕೈಬಿಡಬಹುದು. ಇನ್ನು ತೀರ್ಪು ಕೊಡುವುದಷ್ಟೇ ಬಾಕಿ.

ಪ್ರತಿವಾದಿಯ ಕಡೆಯಿಂದ ಹೆಂಡತಿ ಹೆಲ್ವಿ ಒಂದೇ ಮಾತು ಕೇಳಿದಳು.

"ನನ್ನ ಮಧ್ಯಾಹ್ನದ ಕಾರ್ಯಕ್ರಮ ಅದ್ರಲ್ಲಿ ಬರುತ್ತಾ?"

ಅದು ಊರಿನ ಚಾನೆಲ್‌ನ ಕಾರ್ಯಕ್ರಮ. ಯಾರದೋ ಹುಟ್ಟುಹಬ್ಬ, ಯಾರದೋ ಸಾವು, ಯಾರದೋ ಕಳೆದುಹೋದ ನಾಯಿ, ಯಾವ ಚರ್ಚಿನಲ್ಲಿ ಪ್ಯಾನ್‌ಕೇಕ್ ಊಟ, ಇಷ್ಟೇ. ಆದರೆ ಮಂಡಿನೋವು ಬಂದು ಓಡಾಟ ಕಡಿಮೆಯಾದ ಮೇಲೆ ಹೆಲ್ವಿ ಊರೊಳಗೆ ಹೋಗಿಬರುತ್ತಿದ್ದದ್ದು ಆ ಅರ್ಧ ಗಂಟೆಯಲ್ಲೇ. ಟೌನೊಗೂ ಇದು ಗೊತ್ತಿತ್ತು. ಗೊತ್ತಿದ್ದದ್ದನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಅದೆಲ್ಲ ಫೋನಲ್ಲಿ ಸಿಗುತ್ತೆ ಕಣೆ" ಎಂದವನು, ಮರುದಿನವೇ ಕೇಬಲ್ ಡಬ್ಬಿಯನ್ನು ಎದೆಗವಚಿಕೊಂಡು ಹೋಗಿ ಕಂಪನಿಗೆ ಒಪ್ಪಿಸಿ ಬಂದ. ಹೆಲ್ವಿಗೆ ತುಂಬ ನೋವಾಯಿತು. ಅವಳು ಏನೂ ಅನ್ನಲಿಲ್ಲ. (ಹೆಂಡತಿ ಏನೂ ಅನ್ನದಿದ್ದಾಗ ಮಾತು ಅಲ್ಲಿಗೆ ಮುಗಿಯಿತೆಂದು ತಿಳಿಯುವುದು ಗಂಡಸರಿಗೆ ಹುಟ್ಟಿನಿಂದ ಬಂದ ದೌರ್ಬಲ್ಯ.)

ಸಿನಿಮಾಕ್ಕೆ ಒಂದು ಕಂಪನಿ, ಧಾರಾವಾಹಿಗೆ ಇನ್ನೊಂದು, ಐಸ್ ಹಾಕಿಗೆ ಮತ್ತೊಂದು, ಆ ಹಾಕಿಯವರು ತೋರಿಸದ ಹಾಕಿಗೆ ಮಗದೊಂದು. ಎಲ್ಲ ಕೂಡಿದರೆ ಹಳೆಯ ಕೇಬಲ್ ಬಿಲ್ಲಿನ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುತ್ತಿತ್ತು. ಈ ವಿಷಯ ತಿಳಿಸಿ ಹೆಂಡತಿಯ ಮನಸ್ಸಿಗೆ ಬೇಸರ ಮಾಡಲು ಟೌನೊ ಹೋಗಲಿಲ್ಲ.

ಏಪ್ರಿಲ್‌ನಲ್ಲಿ ಹಾಕಿಯ ಪ್ಲೇಆಫ್, ಅಂದರೆ ಸೋತವರು ಮನೆಗೆ ಹೋಗುವ ಕೊನೆಯ ಸುತ್ತಿನ ಪಂದ್ಯಗಳು, ಶುರುವಾದವು. ಟೌನೊ ನೆಲಮಾಳಿಗೆಯಲ್ಲಿ, ಸದ್ದು ಜೋರಾಗಿಟ್ಟ ಟಿವಿಯ ಮುಂದೆ. ಹೆಲ್ವಿ ಮೇಲೆ ಅಡುಗೆಮನೆಯಲ್ಲಿ, ಕಿಟಕಿ ಸ್ವಲ್ಪ ತೆರೆದುಕೊಂಡು. ಒಂದು ಸಂಜೆ ಮೆಟ್ಟಿಲ ಮೇಲಿನಿಂದ ಅಶರೀರವಾಣಿಯಾಯಿತು.

"ಈಗ ನಮ್ಮವರು ಗೋಲು ಹೊಡೀತಾರೆ ನೋಡು."

"ಸುಮ್ನಿರೆ, ಪಕ್ ಇನ್ನೂ ಅವರ ಕೋಲಿನ ತುದೀಲಿದೆ."

"ಹೊಡೆದ್ರೆ ಇವತ್ತಿನ ಪಾತ್ರೆ ನಿಂದು."

ಟೌನೊ ನಕ್ಕು ಒಪ್ಪಿದ. ಆ ನಗು ಮುಗಿಯುವಷ್ಟರಲ್ಲಿ ನಮ್ಮವರು ಗೋಲು ಹೊಡೆದರು. ಪಂದ್ಯ ಮುಗಿದ ಮೇಲೆ ಅವನು ಪಾತ್ರೆ ತೊಳೆದ. ಮುಂದಿನ ಪಂದ್ಯದಲ್ಲಿ "ಈಗ ಅವರು ಹೊಡೀತಾರೆ" ಎಂದಳು; ಅವರು ಹೊಡೆದರು. ಒಂದು ಸಲವೂ ಗುರಿ ತಪ್ಪಲಿಲ್ಲ. ಪಾತ್ರೆ ತೊಳೆದೂ ತೊಳೆದೂ ಟೌನೊನ ಕೈ ಉಪ್ಪಿನಕಾಯಿಯ ಹಾಗೆ ಸುಕ್ಕಾಯಿತು.

ಆದರೂ ಅವನಿಗೆ ಸಿಟ್ಟು ಬರಲಿಲ್ಲ. ನಿಜ ಹೇಳಬೇಕೆಂದರೆ ಹೆಮ್ಮೆಯಾಯಿತು. ಮದುವೆಯಾದಾಗಿನಿಂದ ಹಾಕಿ ಎಂದರೆ ಮೂಗು ಮುರಿಯುತ್ತಿದ್ದವಳು, ಟಿವಿಯ ಮುಖವನ್ನೂ ನೋಡದೆ, ಮೇಲಕ್ಕೆ ಕೇಳುವ ಸದ್ದಿನಲ್ಲೇ ಆಟದ ಒಳಮರ್ಮ ಅಳೆಯುತ್ತಾಳಲ್ಲ ಎಂದು ಅವಳ ಮೇಲೆ ಹೊಸದಾಗಿ ಪ್ರೀತಿ ಬಂತು. ಕೇಬಲ್ ಇದ್ದಾಗ ಈ ದಿವ್ಯಜ್ಞಾನ ಅವಳಿಗೆ ಇರಲಿಲ್ಲ ಎಂಬುದನ್ನೂ ಗಮನಿಸಿ, ಅದರ ಶ್ರೇಯಸ್ಸನ್ನು ಸ್ಟ್ರೀಮಿಂಗ್‌ಗೇ ಕೊಟ್ಟ. (ಒಂದು ರೀತಿಯಲ್ಲಿ ಅದು ನಿಜವೇ.)

ಇಂಥ ಹೆಮ್ಮೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗುತ್ತದೆಯೇ? ಪಕ್ಕದ ಮನೆಯ ರೆನಾಟೊ ಶನಿವಾರ ಸೌನಾದ ಹಬೆಸ್ನಾನಕ್ಕೆ ಬಂದಾಗ, ಹಬೆಯ ನಡುವೆ ಕೂತು ಎಲ್ಲ ಹೇಳಿದ. ರೆನಾಟೊ ಕೇಬಲ್ ಬಿಡದ ಹಳೆಯ ಮನುಷ್ಯ. ಗ್ಯಾರೇಜಿನಲ್ಲಿ ಟಿವಿ ಇಟ್ಟುಕೊಂಡು, ನಮ್ಮವರು ಗೋಲು ಹೊಡೆದಾಗೆಲ್ಲ ಹಡಗಿನ ಹಳೆಯ ಗಂಟೆ ಬಾರಿಸುವವನು; ಎದುರಾಳಿ ಹೊಡೆದರೆ ಇಟಾಲಿಯನ್ ಭಾಷೆಯಲ್ಲಿ ದೇವರನ್ನೇ ತರಾಟೆಗೆ ತೆಗೆದುಕೊಳ್ಳುವವನು. ಕೊನೆಯ ಪಂದ್ಯಕ್ಕೆ ತಾನೇ ಬಂದು ಪರೀಕ್ಷೆ ಮಾಡುವುದಾಗಿ ಅವನು ಗಂಭೀರವಾಗಿ ಹೇಳಿದ.

ಆ ಸಂಜೆ ಟೌನೊ ತನ್ನ ಸ್ವಂತ ಕುರ್ಚಿಯನ್ನೇ ಬಿಟ್ಟುಕೊಟ್ಟು ಹೆಲ್ವಿಯನ್ನು ನೆಲಮಾಳಿಗೆಯಲ್ಲಿ ಪ್ರತಿಷ್ಠಾಪಿಸಿದ. ಅವಳು ರೆನಾಟೊನನ್ನು ನೋಡಿ, ಮನೆಯಲ್ಲಿ ಯಾರಿದ್ದಾರೆಂದು ವಿಚಾರಿಸಿದಳು. ಹೆಂಡತಿ ಇನೆಸ್ ಗ್ಯಾರೇಜಿನಲ್ಲಿ ಪಂದ್ಯ ನೋಡುತ್ತಿದ್ದಾಳೆ ಎಂದ. ಆಟ ಸಮಸಮ ನಿಂತು ಹೆಚ್ಚುವರಿ ಅವಧಿಗೆ ಹೋಯಿತು; ಇನ್ನು ಮೊದಲು ಗೋಲು ಹೊಡೆದವರದೇ ಗೆಲುವು. ಟೌನೊ ಮತ್ತೆ ಮತ್ತೆ ಪೀಡಿಸಿದರೂ ಹೆಲ್ವಿ ಇವತ್ತು ಏನೂ ಹೊಳೆಯುತ್ತಿಲ್ಲ ಎಂದೇ ಹೇಳಿ, ಕಡೆಗೆ ಕಾಫಿ ತರುವ ನೆಪದಲ್ಲಿ ಮೇಲೆ ಹೋದಳು. ರೆನಾಟೊ ಮೀಸೆಯೊಳಗೇ ನಕ್ಕ. ಟೌನೊಗೆ ಮುಖ ಎತ್ತಲಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಅಶರೀರವಾಣಿಯಾಯಿತು.

"ಮುಗೀತು. ಸೋತ್ರು."

ಪರದೆಯ ಮೇಲೆ ನಮ್ಮವರು ಇನ್ನೂ ಜೀವ ಬಿಟ್ಟು ಆಡುತ್ತಿದ್ದರು. ಇಬ್ಬರು ಗಂಡಸರೂ ಉಸಿರು ಹಿಡಿದು ನೋಡಿದರು. ಅರ್ಧ ನಿಮಿಷಕ್ಕೆ ಗೋಲಾಯಿತು, ನಮ್ಮ ವಿರುದ್ಧ. ರೆನಾಟೊ ಎದ್ದು ಮೆಟ್ಟಿಲ ಬುಡಕ್ಕೆ ಹೋದ.

"ನಿಂಗೆ ಯಾರು ಹೇಳಿದ್ರು ಹೆಲ್ವಿ?"

"ನಿನ್ನ ಹೆಂಡ್ತಿ. ಗಂಟೆ ಬಾರಿಸ್ಲಿಲ್ಲ, ಗ್ಯಾರೇಜಿನ ದೀಪ ಆರಿಸಿದ್ಲು."

ರೆನಾಟೊ ಹಿಂದಿರುಗಿ ಬಂದು ಗೆಳೆಯನ ಹೆಗಲ ಮೇಲೆ ಕೈಯಿಟ್ಟ. "ಇಂಟರ್ನೆಟ್ಟಲ್ಲಿ ಬರೋದು ತಂಗಳು ಕಣಯ್ಯ. ಕೇಬಲ್‌ನಲ್ಲಿ ನಾವು ನೋಡಿ ಮುಗಿಸಿದ್ಮೇಲೆ ನಿಂಗೆ ಬರುತ್ತೆ. ಇಷ್ಟು ದಿನ ನನ್ನ ಗಂಟೆ ಕೇಳ್ಕೊಂಡು ನಿನ್ನ ಕೈಲಿ ಪಾತ್ರೆ ತೊಳೆಸಿದ್ದಾಳೆ."

ಅವನು ಹೋದ ಮೇಲೆ ಟೌನೊ ಮೇಲೆ ಬಂದು, ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದ.

"ಫೋನಲ್ಲಿ ಸಿಗುತ್ತೆ ಅಂದೆ ನೀನು. ಸಿಗ್ಲಿಲ್ಲ," ಎಂದಳು ಹೆಲ್ವಿ. "ಊರಲ್ಲಿ ಯಾರು ಹುಟ್ಟಿದ್ರು, ಯಾರು ಸತ್ರು, ನಂಗೊಂದೂ ತಿಳೀಲಿಲ್ಲ. ಹೊರಗಿಂದ ನಂಗೆ ಕೇಳಿಸ್ತಿದ್ದದ್ದು ಆ ಗಂಟೆ ಒಂದೇ."

ಟೌನೊಗೆ ನಾಚಿಕೆಯಾಯಿತು. ಪಾತ್ರೆಗಿಂತ ಆ ಮಾತು ಭಾರವಾಗಿತ್ತು. ಬೆಳಿಗ್ಗೆಯೇ ಹೋಗಿ ಅದೇ ಡಬ್ಬಿಯನ್ನು ಅದೇ ಎದೆಗೆ ಅವಚಿಕೊಂಡು ತಂದ. ಹಾಕಿ ಕಂಪನಿಗೆ ಇಡೀ ವರ್ಷದ ಚಂದಾ ಕಟ್ಟಿಯಾಗಿತ್ತು. ಹೀಗಾಗಿ ಈಗ ಮನೆಯಲ್ಲಿ ಅದೂ ಉಂಟು, ಇದೂ ಉಂಟು.

ಮುಂದಿನ ವಾರ ಅವನ ಹುಟ್ಟುಹಬ್ಬ. ಮಧ್ಯಾಹ್ನ ಇಬ್ಬರೂ ಜೊತೆಯಲ್ಲಿ ಕೂತು ಕಾರ್ಯಕ್ರಮ ನೋಡಿದರು. ಹೆಲ್ವಿಯ ಮುಖ ಅರಳಿದ್ದು ಕಂಡು ಟೌನೊನ ಮನಸ್ಸು ಹಗುರಾಯಿತು. ಕೊನೆಯಲ್ಲಿ ನಿರೂಪಕಿ ನಗುತ್ತ, ಟೌನೊ ಲೆಹ್ಟಿ ಅವರಿಗೆ ಹುಟ್ಟುಹಬ್ಬದ ಶುಭಾಶಯಗಳು, ಏಪ್ರಿಲ್‌ನಿಂದ ಮನೆಯ ಪಾತ್ರೆಗಳು ಫಳಫಳ ಹೊಳೆಯುತ್ತಿವೆ, ಇದು ಹೀಗೆಯೇ ಮುಂದುವರಿಯಲಿ ಎಂದು ಪತ್ನಿ ಹಾರೈಸಿದ್ದಾರೆ ಎಂದು ಇಡೀ ಊರಿಗೆ ಸಾರಿದಳು.

ಪಕ್ಕದ ಗ್ಯಾರೇಜಿನಿಂದ ಗಂಟೆ ಕೇಳಿಸಿತು. ಈ ಸಲ ಅದು ಮೊದಲೇ ಬರಲಿಲ್ಲ. ಸರಿಯಾಗಿ ಅದೇ ಕ್ಷಣಕ್ಕೆ ಬಂತು.