ಅಕ್ಕ ಒಡೆಯದ ತಟ್ಟೆ

ನನ್ನ ಹಳೆಯ ಡೈರಿಯಲ್ಲಿ 1979ರ ಜೂನ್ ಹನ್ನೊಂದರ ಪುಟ ಹೀಗಿದೆ: 'ಬಿ.ಎ. ಪಾಸು. ಅಕ್ಕ ಬಂಗುಡೆ ಮಾರಿದ ದುಡ್ಡಿನಲ್ಲಿ ಕುಂದಾಪುರದ ಹೋಟೆಲಿಗೆ ಕರೆದುಕೊಂಡು ಹೋದಳು. ನನ್ನ ಕೈ ತಾಗಿ ಗ್ಲಾಸು ಒಡೆಯಿತು. ಅಕ್ಕ ನಾನೇ ಒಡೆದದ್ದು ಅಂದಳು. ಸಂಬಳ ಬಂದ ಮೇಲೆ ಅಕ್ಕನಿಗೆ ದೊಡ್ಡ ಹೋಟೆಲಿನಲ್ಲಿ ಊಟ ಹಾಕಿಸಬೇಕು.'

ಸಂಬಳ ಬಂತು, ಪಿಂಚಣಿಯೂ ಬಂತು, ಊಟ ಮಾತ್ರ ಹಾಗೇ ಉಳಿಯಿತು. ಅಕ್ಕನನ್ನು ಎಲ್ಲಿಗೆ ಕರೆದುಕೊಂಡು ಹೋದರೂ ಏನಾದರೊಂದು ನಡೆದೇ ನಡೆಯುತ್ತದೆ ಎಂಬುದು ನನ್ನ ನೆಪವಾಗಿತ್ತು. ಕಳೆದ ವರ್ಷ ಬ್ರಹ್ಮಾವರದ ಹೈವೇ ಬದಿಯಲ್ಲಿ ಒಂದು ಗ್ರೀಕ್ ಹೋಟೆಲು ತೆರೆಯಿತು. ಅಕ್ಕನಿಗೆ ಎಪ್ಪತ್ತಾರು. ಇನ್ನು ತಡಮಾಡಬಾರದೆಂದು ಹೊರಡಿಸಿದೆ.

ದೋಣಿ

ಮಾಲೀಕರು ವಿದೇಶಿ ಹಡಗಿನಲ್ಲಿ ಅಡುಗೆ ಮಾಡಿ ಬಂದವರು. ಗೋಡೆಗೆಲ್ಲ ಬಿಳಿ, ಬಾಗಿಲಿಗೆಲ್ಲ ನೀಲಿ. ಕೂರಲು ಕುರ್ಚಿಯಿಲ್ಲ, ಹಳೆಯ ದೋಣಿಗಳನ್ನು ಅರ್ಧಕ್ಕೆ ಕೊಯ್ದು, ಒಳಗೆ ಹಲಗೆ ಬಡಿದು, ನಡುವೆ ಮೇಜು ಇಟ್ಟಿದ್ದರು.

ಅಕ್ಕ ದೋಣಿ ಕಂಡದ್ದೇ ಚಪ್ಪಲಿ ಬಿಚ್ಚಿ, ಮುಂಭಾಗ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಮ್ಮ ಕಡೆ ದೋಣಿಗೆ ಚಪ್ಪಲಿ ಹಾಕಿಕೊಂಡು ಹತ್ತುವವರಿಲ್ಲ.

"ಹೆಣೆ, ನಿನ್ ಚಪ್ಲಿ?" ಅಂದಳು. ಅರವತ್ತು ದಾಟಿದರೂ ತಂಗಿ ಅವಳಿಗೆ ಇನ್ನೂ ಹುಡುಗಿಯೇ.

"ಅಕ್ಕಾ, ಇದು ಹೋಟೆಲು."

"ಹೋಟ್ಲ್ ಅಂತ ದೋಣಿಗೆ ಗೊತ್ತಿತ್ತಾ?"

ನಾನು ಚಪ್ಪಲಿ ಬಿಚ್ಚಲಿಲ್ಲ. ಆದರೆ ಆರ್ಡರ್ ತೆಗೆದುಕೊಳ್ಳಲು ಬಂದ ಸಪ್ಲೈಯರ್, ಕೂದಲಿಗೆ ಬಣ್ಣ ಹಚ್ಚಿದ ಐವತ್ತು ದಾಟಿದವರು, ಅಕ್ಕನ ಬರಿಗಾಲು ನೋಡಿ ತಮ್ಮ ಬೂಟನ್ನು ಹೊರಗೆ ಬಿಟ್ಟು ಬಂದರು. ಅವರೂ ಮೀನುಗಾರರ ಊರು ಉಪ್ಪುಂದದವರಂತೆ. ಆಮೇಲೆ ಊಟ ಮುಗಿಯುವವರೆಗೂ ಅವರು ಅಕ್ಕನನ್ನು ಮಾತ್ರ ವಿಚಾರಿಸಿದರು.

ಪಾಂಪ್ಲೆಟ್

ಸುಟ್ಟ ಇಡೀ ಪಾಂಪ್ಲೆಟ್ ಮೀನು ಬಂತು, ಮೇಲೆ ನಿಂಬೆಹಣ್ಣು, ಆಲಿವ್ ಎಣ್ಣೆ. ಅಕ್ಕ ಮೊದಲು ಕಿವಿರು ಎತ್ತಿ ನೋಡಿದಳು. ಬೆನ್ನು ಒತ್ತಿ ನೋಡಿದಳು.

"ನಿನ್ನೆದ್ ಮೀನ್. ಎಷ್ಟಂಬ್ರ್ ಇದಕ್ಕೆ?"

"ಸಾವಿರದ ನೂರು ಅಮ್ಮ," ಅಂದರು ಸಪ್ಲೈಯರ್.

"ನಲ್ವತ್ತ್ ವರ್ಷ ಬುಟ್ಟಿ ಹೊತ್ತವ್ಳ್ ನಾನ್. ಎಂಟ್ನೂರಕ್ಕೆ ಕೊಡ್ತ್ರಾ?"

ಸುಟ್ಟು ಮೇಜಿಗೆ ಬಂದ ಮೀನಿಗೆ ಚೌಕಾಸಿ ಮಾಡಿದ್ದನ್ನು ನಾನು ಅಂದೇ ಮೊದಲು ಕಂಡದ್ದು. ಸಪ್ಲೈಯರ್ ಒಳಗೆ ಹೋದರು. ಮಾಲೀಕರೇ ಹೊರಗೆ ಬಂದು, "ಮೀನು ನಿನ್ನೆಯದೇ ಹೌದಮ್ಮ. ಒಂಬೈನೂರು ಮಾಡುವ," ಅಂದರು.

ನಾನು ನಡುವೆ ಬಾಯಿ ಹಾಕಿ, ಮೆನು ಕಾರ್ಡಿನಲ್ಲಿ ಬರೆದಷ್ಟೇ ಕೊಡುತ್ತೇನೆ ಅಂದೆ. ಇಬ್ಬರೂ, ವ್ಯಾಪಾರ ಗೊತ್ತಿಲ್ಲದ ಮಗುವನ್ನು ನೋಡುವಂತೆ ನನ್ನನ್ನು ನೋಡಿದರು.

ತಟ್ಟೆ

ಊಟದ ಕೊನೆಗೆ ತಟ್ಟೆ ಒಡೆಯುವುದು ಗ್ರೀಕರ ಸಂಭ್ರಮವಂತೆ. ಇದು ನನಗೆ ಗೊತ್ತಿತ್ತು, ಪತ್ರಿಕೆಯಲ್ಲಿ ಓದಿದ್ದೆ. ಅಕ್ಕನಿಗೆ ಹೇಳಲು ಮರೆತಿದ್ದೆ.

ಹಾಡು ಜೋರಾಯಿತು. ನಮ್ಮ ಸಪ್ಲೈಯರ್ ಬಿಳಿಯ ತಟ್ಟೆಯೊಂದನ್ನು ನೆಲಕ್ಕೆ ಬಿಟ್ಟರು. ಚೂರು ಚೂರು. ಮಾಲೀಕರು ಅತ್ತ ಕಡೆಯಿಂದ ಬೇಗ ಬೇಗ ಬರುತ್ತಿದ್ದರು. ಅಕ್ಕ ದೋಣಿಯಿಂದ ಇಳಿದು ಅವರಿಗೆ ಅಡ್ಡ ನಿಂತಳು.

"ಹ್ವಾಯ್, ಅವ್ರಿಗೆ ಬೈಬ್ಯಾಡಿ ಮಾರಾಯ್ರೆ. ನಾನೇ ಒಡ್ದದ್ದ್. ನನ್ ಕೈ ತಾಗಿ ಬಿತ್ತ್."

ಸೆರಗಿನ ಗಂಟು ಬಿಚ್ಚಿ ನೂರರ ನೋಟು ನೀಡಿದಳು. ಮಾಲೀಕರು ನಗುತ್ತಾ, "ಬೈಯುವುದಿಲ್ಲಮ್ಮ, ನೀವೂ ಒಂದು ಒಡೆಯಿರಿ," ಎಂದು ಹೊಸ ತಟ್ಟೆ ಕೈಗಿಟ್ಟರು. ಅಕ್ಕ ಅದನ್ನು ಸೆರಗಿನೊಳಗೆ ಅಡಗಿಸಿಕೊಂಡು ನನ್ನ ಕಡೆ ತಿರುಗಿ, "ಕಾಣ್, ಪಾಪ, ಇವ್ರಿಗೆ ತಲೆ ಸಮ ಇಲ್ಲೆ," ಅಂದಳು.

ಹೋಟೆಲಿಗೆ ಹೋಟೆಲೇ ನಕ್ಕಿತು. ಆಗ ಅಕ್ಕ ಕೂತು ಚೂರು ಹೆಕ್ಕತೊಡಗಿದಳು. "ಬರಿಗಾಲ್ನವ್ರ್ ನಡೀತ್ರ್," ಅಂದಳು. ಅಲ್ಲಿ ಬರಿಗಾಲಿನಲ್ಲಿ ಇದ್ದವರು ಅವಳು ಮತ್ತು ಸಪ್ಲೈಯರ್, ಇಬ್ಬರೇ.

ನಾನು ನಗಬಹುದಿತ್ತು. ಅದರ ಬದಲು, "ಅಕ್ಕಾ, ನನ್ನ ಮರ್ಯಾದೆ ತೆಗೀಬೇಡ, ಏಳು," ಅಂದೆ. ಎಲ್ಲರಿಗೂ ಕೇಳುವ ಹಾಗೆ.

ಅಕ್ಕ ಎದ್ದಳು. ಹೆಕ್ಕಿದ ಚೂರುಗಳನ್ನು ಮೇಜಿನ ಮೂಲೆಯಲ್ಲಿಟ್ಟು, ತಟ್ಟೆಯನ್ನು ಮಾಲೀಕರಿಗೆ ಹಿಂದಿರುಗಿಸಿ, ಚಪ್ಪಲಿ ಮೆಟ್ಟಿದಳು. ಬಿಜೂರಿನ ಅವಳ ಮನೆಯ ಮುಂದೆ ಕಾರಿನಿಂದ ಇಳಿಯುವಾಗ ಕೇಳಿದಳು: "ಅವತ್ತ್ ಗ್ಲಾಸ್ ಒಡ್ದಾಗ ನಾನ್ ನಿಂಗೆ ಎಂತಾರೂ ಹೇಳಿದ್ನಾ?"

ಇಲ್ಲ. ಡೈರಿಯಲ್ಲಿಯೂ ಹಾಗೇನೂ ಬರೆದಿಲ್ಲ.

ಗ್ರೀಕ್ ಹೋಟೆಲಿಗೆ ಹೋದ ದಿನದ ಪುಟದಲ್ಲಿ ಇರುವುದು ಇಷ್ಟು. ಪಾಂಪ್ಲೆಟ್ ಸಾವಿರದ ನೂರು. ರೊಟ್ಟಿ, ಮೊಸರಿನ ಚಟ್ನಿ, ಶರಬತ್ತು ಸೇರಿ ಏಳುನೂರ ಅರವತ್ತು. ಒಡೆದ ತಟ್ಟೆಗೆ ಬಿಲ್ಲಿನಲ್ಲಿ ಏನೂ ಹಾಕಿಲ್ಲ. ಅಕ್ಕನ ನೂರು ರೂಪಾಯಿಯನ್ನು ಸಪ್ಲೈಯರ್ ಮರಳಿ ಕೊಟ್ಟರು, ಅದು ನನ್ನ ಹತ್ತಿರವೇ ಇದೆ. ಆಮೇಲೆ ಮೂರು ಸಲ ಅಕ್ಕನನ್ನು ಹೊರಗೆ ಊಟಕ್ಕೆ ಕರೆದೆ. ಮೂರು ಸಲವೂ, ಮನೆಯಲ್ಲಿ ಗಂಜಿ ಇದೆ ಅಂದಳು.