ಲಗ್ನಪತ್ರಿಕೆ ಮೂತಿಯ ವಿಮಾನ

ನನ್ನ ವಿಮಾನಗಳ ಎಡವಟ್ಟೆಲ್ಲ ನೆಲದ ಮೇಲೇ ನಡೆಯುವುದು. ಆಕಾಶದ ಕಡೆಯಿಂದ ಇದುವರೆಗೆ ದೂರು ಬಂದಿಲ್ಲ. ನಂಜನಗೂಡಿನ ಒಂದು ಹೈಸ್ಕೂಲಿನಲ್ಲಿ ನಾನು ಕ್ರಾಫ್ಟ್ ಮೇಡಂ. ರಿಮೋಟಿನಲ್ಲಿ ಹಾರಿಸುವ ಪುಟ್ಟ ವಿಮಾನ ಮಾಡುವುದು ನನ್ನ ಹುಚ್ಚು. ಮೂತಿ, ಚಕ್ರದ ಮುಚ್ಚಳ ಎಲ್ಲ ಕಾಗದದ್ದೇ. ಪದರ ಪದರವಾಗಿ ಮೈದಾ ಅಂಟು ಬಳಿದು, ಒಣಗಿಸಿ, ವಾರ್ನಿಶ್ ಹೊಡೆದರೆ ತೆಂಗಿನ ಚಿಪ್ಪಿನಷ್ಟು ಗಟ್ಟಿ. ಹೇಳಿದರೆ ಯಾರೂ ನಂಬುವುದಿಲ್ಲ, ಅದೇ ನನಗೆ ಸಿಟ್ಟು.

೧. ಸಂಡಿಗೆ

ಬಿಳಿ ಹಾಳೆಯ ಮುಚ್ಚಳಗಳನ್ನು ತಾರಸಿಯಲ್ಲಿ ಒಣಗಲು ಇಟ್ಟಿದ್ದೆ. ಪಕ್ಕದಲ್ಲೇ ಅತ್ತೆಯ ಅಕ್ಕಿ ಸಂಡಿಗೆ. ವಾರ್ನಿಶ್ ಇನ್ನೂ ಹೊಡೆದಿರಲಿಲ್ಲ, ಪುಣ್ಯ. ಬನ್ನೂರಿನಿಂದ ಬಂದಿದ್ದ ಅತ್ತೆಯ ತಮ್ಮ ಊಟಕ್ಕೆ ಕೂತು ಒಂದನ್ನು ಕಚ್ಚಿದರು, ಎಳೆದರು, ಮತ್ತೆ ಕಚ್ಚಿದರು.

“ಎಣ್ಣೇಲಿ ಯಾಕೋ ಅರಳಲೇ ಇಲ್ಲ ಕಣಪ್ಪ,” ಅಂದರು ಅತ್ತೆ.

“ಅರಳದಿದ್ರೆ ಹೋಗ್ಲಿ ಬಿಡಕ್ಕ. ಉಪ್ಪು ಒಂಚೂರು ಕಮ್ಮಿ.”

೨. ಚಿ.ರಾ.

ಮೂತಿಗೆ ಲಗ್ನಪತ್ರಿಕೆಗಿಂತ ಒಳ್ಳೆಯ ಕಾಗದವಿಲ್ಲ. ನನ್ನ ಅಕ್ಕನ ಮಗಳ ಮದುವೆ ಪತ್ರಿಕೆಯಲ್ಲಿ ಹುಡುಗಿಯ ಹೆಸರಿಗೆ ‘ಚಿ.ರಾ.’, ಹುಡುಗನ ಹೆಸರಿಗೆ ‘ಚಿ.ಕುಂ.ಸೌ.’ ಎಂದು ಅದಲುಬದಲಾಗಿ ಅಚ್ಚಾಗಿತ್ತು. ಅಂಚಿಗೆ ಅರಿಶಿನ ಹಚ್ಚಿ ಮುಗಿಸಿದ ಮೇಲೆ ಅಕ್ಕನ ಕಣ್ಣಿಗೆ ಬಿತ್ತು. ಕಟ್ಟನ್ನು ನನ್ನ ಮುಂದೆ ಇಟ್ಟಳು.

“ಒಂದೂ ಆಚೆ ಹೋಗಕೂಡದು ಕಣೇ. ಬೀಗರು ಮೊದಲೇ ಮಾತುಮಾತಿಗೂ ಮುನಿಸ್ಕೊಳ್ಳೋರು. ನೋಡಿದ್ರೆ ಮದುವೇನೇ ನಿಂತೀತು.”

“ಸುಟ್ಟುಬಿಡಕ್ಕ.”

“ಅರಿಶಿನ ಹಚ್ಚಿರೋದನ್ನ ಸುಡ್ತಾರೇನೇ? ನಿನ್ನ ವಿಮಾನಕ್ಕೆ ಅಂಟಿಸು. ಅದು ಹೇಗೂ ಮೇಲಕ್ಕೆ ಹೋಗಲ್ಲ.”

೩. ಯಾರ ಕಡೆಯವರು

ಹೋಯಿತು. ಹುಲ್ಲಹಳ್ಳಿ ಹತ್ತಿರ, ಭತ್ತ ಕೊಯ್ದ ಗದ್ದೆಯಲ್ಲಿ, ಬಣ್ಣ ಆಮೇಲೆ ಬಳಿದರಾಯಿತು ಎಂದು ಹಾರಿಸಿದೆ. ಕಬ್ಬಿನ ಗದ್ದೆಗಳ ಆಚೆಗೆ ಹೋದದ್ದು ತಿರುಗಿ ಬರಲಿಲ್ಲ. ನುಣುಪು ಮುಖ ಹೊರಗೆ ಬರುವಂತೆ ಮೂತಿಗೆ ಇಡೀ ಪತ್ರಿಕೆಯನ್ನೇ ಸುತ್ತಿದ್ದೆ. ಹೆಸರು, ಮುಹೂರ್ತ, ಛತ್ರದ ವಿಳಾಸ ಎಲ್ಲ ವಾರ್ನಿಶ್ ಕೆಳಗೆ ಫಳಫಳ. ಅಕ್ಕನಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ತಿ. ನರಸೀಪುರದ ಛತ್ರದಲ್ಲಿ ಧಾರೆಗೆ ಇನ್ನೇನು ಕೂರಬೇಕು, ಬಾಗಿಲಲ್ಲಿ ನನ್ನ ವಿಮಾನ! ಅದನ್ನು ಕಂಕುಳಲ್ಲಿ ಅವುಚಿಕೊಂಡ ಒಬ್ಬ ರೈತರು, ಜೊತೆಗೆ ರೇಷ್ಮೆ ಸೀರೆ ಉಟ್ಟ ಅವರ ಹೆಂಡತಿ.

“ಕಬ್ಬಿನ್ ಗದ್ದೇಲಿ ಬಿದ್ದಿತ್ತು. ಓದುದ್ರೆ ಕರೆಯೋಲೆ. ಇಷ್ಟು ದೂರದಿಂದ ಕರ್ದವ್ರೆ, ಬರ್ದೆ ಇದ್ರೆ ಚೆಂದಾಗಿರಲ್ಲ ಅಂತ ಬಂದೋ.”

ಹುಡುಗನ ತಂದೆ ವಿಮಾನ ಇಸಿದುಕೊಂಡು, ಕನ್ನಡಕ ಏರಿಸಿ, ತಮ್ಮ ಮಗನ ಹೆಸರನ್ನು ಗಟ್ಟಿಯಾಗಿ ಓದಿದರು: “ಚಿರಂಜೀವಿ ಕುಂಕುಮ ಸೌಭಾಗ್ಯವತಿ…”

ಓಲಗವೂ ನಿಂತಿತು. ಅಕ್ಕ ನನ್ನ ಮೊಣಕೈ ಹಿಡಿದ ಹಿಡಿತಕ್ಕೆ ನನ್ನ ಕಣ್ಣಲ್ಲಿ ನೀರು ಬಂತು.

ಬೀಗರು ರೈತರ ಕಡೆ ತಿರುಗಿದರು. “ನೀವು ಯಾರು? ಹೆಣ್ಣಿನ ಕಡೆಯೋರೋ, ಗಂಡಿನ ಕಡೆಯೋರೋ?”

“ಇದ್ರಲ್ಲಿ ಎಣ್ಯಾರು ಗಂಡ್ಯಾರು ಅಂತ್ಲೇ ಗೊತ್ತಾಗ್ನಿಲ್ಲ ಸಾ,” ಅಂದರು ರೈತರು. “ನಾವು ಇಮಾನದ ಕಡೇರು.”

ಮೊದಲು ನಕ್ಕದ್ದು ಬೀಗರೇ. ಅಕ್ಕ ಮೊಣಕೈ ಬಿಟ್ಟಳು. ಧಾರೆ ಆಯಿತು. ಮೊದಲ ಪಂಕ್ತಿಯಲ್ಲಿ ಬೀಗರೇ ಮುಂದೆ ನಿಂತು, ಒಬ್ಬಟ್ಟಿಗೆ ತುಪ್ಪ ಬಡಿಸಿದ್ದು ವಿಮಾನದ ಕಡೆಯವರಿಗೆ.